ಹೊಳೆಯಲ್ಲಿ ನಿಂತು ಹೊಳೆ ಹುಡುಕಿದ್ದು

ಡಾಟ್ ಕಾಮ್ ಕಂಪನಿಗಳು ಅಣಬೆಯಂತೆ ಏಳುತ್ತಿದ್ದ ಕಾಲದಲ್ಲಿ ನಾನು, ಬಾಗಲಕೋಟೆಯ ಶಿವಶರಣ, ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋದ ಪುಟ್ಟ ಆಫೀಸಿನಲ್ಲಿ ಕುಳಿತು ಕೊಲರಾಡೊ ನದಿಯನ್ನು ಆಳುತ್ತಿದ್ದೆ. ಆಳುತ್ತಿದ್ದದ್ದು ಕಂಪ್ಯೂಟರಿನಲ್ಲಿ. ಯಾವ ಅಣೆಕಟ್ಟಿನಲ್ಲಿ ಎಷ್ಟು ನೀರಿದೆ, ಯಾವ ಕಾಲುವೆಗೆ ಎಷ್ಟು ಹೋಗುತ್ತದೆ ಎಂದು ತೋರಿಸುವ ಪ್ರೋಗ್ರಾಮು ನಮ್ಮದು. ರೈತರು ಅದನ್ನು ನೋಡಿ ತಮ್ಮ ಪಾಲಿನ ನೀರನ್ನು ಇಂಟರ್ನೆಟ್ಟಿನಲ್ಲೇ ಮಾರುತ್ತಾರೆ ಎಂಬುದು ಬಾಸ್ ಅರವಿಂದನ ಕನಸು. ನದಿ ಗಡಿ ದಾಟಿ, ಮೆಕ್ಸಿಕೋ ಹಾದು ಸಮುದ್ರ ಸೇರುವವರೆಗೂ ನೀಲಿ ಬಣ್ಣ ಬಳಿದವನು ನಾನೇ. ನದಿಯನ್ನು ಕಣ್ಣಾರೆ ಕಂಡಿರಲಿಲ್ಲ. ಆದರೂ ನಾವಿದ್ದ ಎವರ್‌ಗ್ರೀನ್ ಬಡಾವಣೆಯಲ್ಲಿ ಯಾರಾದರೂ ಊಟಕ್ಕೆ ಕರೆದರೆ ಅನ್ನ ಆರುವವರೆಗೆ ಅದರ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ಹೆಂಡತಿ ಸುಮನ್ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು. ನಾನದನ್ನು ಪ್ರೋತ್ಸಾಹವೆಂದು ತಿಳಿದಿದ್ದೆ.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಊರಿನಿಂದ ಅವ್ವ ಅಂಬವ್ವ ಬಂದಳು. ಸ್ಯಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆ ತೋರಿಸಿದೆ. "ಛಲೋ ಐತಿ," ಎಂದಳು. "ನೀ ಕೆಲಸಾ ಮಾಡೋ ಹೊಳಿ ತೋರಸು. ಬಾಗಿನಾ ಬಿಡಬೇಕು."

ಮಗನ ಎದೆ ಉಬ್ಬಿತು. ಇಡೀ ದಿನ ಕಾರು ಓಡಿಸಿ, ಮೋಟೆಲಿನಲ್ಲಿ ತಂಗಿ, ಮರುದಿನ ಮೂವರೂ ಮೆಕ್ಸಿಕೋ ಗಡಿಯ ಅಣೆಕಟ್ಟು ತಲುಪಿದೆವು. ಅಣೆಕಟ್ಟಿನ ಹಿಂದೆ ನೀರು ತುಂಬಿ ನಿಂತಿತ್ತು. ಅವ್ವ ಬಾಗಿನದ ಮೊರ ಹಿಡಿದು ಇಳಿದಳು.

"ಇಲ್ಲಿ ಬ್ಯಾಡವ್ವಾ," ಎಂದೆ. "ಸ್ವಲ್ಪ ಕೆಳಗ ಹೋಗೂಣು. ಅಲ್ಲಿ ಬಿಟ್ರ ಸೀದಾ ಸಮುದ್ರಕ್ಕ ಮುಟ್ಟತೈತಿ."

ಕೆಳಗೆ ಹೋದೆವು. ಮರಳಿತ್ತು, ಮುಳ್ಳುಗಿಡಗಳಿದ್ದವು. ನೀರು ಪೊದೆಗಳಾಚೆ ಇರಬೇಕೆಂದು ನಾನೊಬ್ಬನೇ ಇಳಿದು ನಡೆದೆ, ಮರಳು ಬೂಟು ತುಂಬಿತು. ಅಷ್ಟರಲ್ಲಿ ಗಡಿ ಕಾಯುವ ಅಧಿಕಾರಿಯೊಬ್ಬ ದಂಡೆಯ ಮೇಲೆ ಜೀಪು ನಿಲ್ಲಿಸಿ, ಏನು ಹುಡುಕುತ್ತಿದ್ದೀಯೆಂದು ಕೂಗಿ ಕೇಳಿದ.

"ನದಿ," ಎಂದೆ.

ಅವನು ನನ್ನ ಕಾಲಿನತ್ತ ಬೆರಳು ತೋರಿಸಿ, "ಅದರೊಳಗೇ ನಿಂತಿದ್ದೀಯಲ್ಲ!" ಎಂದ.

"ಅಂವ ಏನಂದನೋ?" ಕಾರಿನ ಕಡೆಯಿಂದ ಅವ್ವನ ದನಿ ಬಂತು. ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಸುಮನ್ ಸೆರಗಿಲ್ಲದ ಕಾರಣ ಬಾಯಿಬಿಟ್ಟೇ ನಕ್ಕಳು. "ಸ್ಕ್ರೀನ್ ಮೇಲೆ ನೀಲಿ ಇತ್ತಲ್ರೀ!"

ಅಧಿಕಾರಿ ವಿವರಿಸಿದ: ಉಳಿದ ನೀರನ್ನೆಲ್ಲ ಅಣೆಕಟ್ಟಿನ ಬಳಿಯೇ ಮೆಕ್ಸಿಕೋದವರು ಕಾಲುವೆಗೆ ತಿರುಗಿಸಿಕೊಳ್ಳುತ್ತಾರೆ. ಅದು ಅವರ ಪಾಲು. ಅದಕ್ಕೂ ಮುಂಚೆ ಅಮೆರಿಕ ತನ್ನ ಪಾಲನ್ನು ಧಾರಾಳವಾಗಿ ಎತ್ತಿಕೊಂಡಿರುತ್ತದೆ.

ಮತ್ತೆ ಮೇಲಕ್ಕೆ ಹೋದೆವು. ಅವ್ವ ಬಾಗಿನ ಬಿಟ್ಟು ಕೈಮುಗಿದಳು. ಮೊರ ಗಿರಗಿರ ತಿರುಗಿ ಗೇಟಿನ ಕಡೆ ತೇಲಿತು. "ಪಾಪ, ಹೊಳಿ ಭಾಳ ದಣದೈತಿ," ಎಂದಳು ಮೆಲ್ಲಗೆ. ನಮ್ಮ ನಗು ನಿಂತುಹೋಯಿತು.

ಸೋಮವಾರ ಆಫೀಸಿಗೆ ಹೋಗಿ ಗಡಿಯ ಕೆಳಗಿನ ನೀಲಿಯನ್ನು ಅಳಿಸಿ ಮರಳಿನ ಬಣ್ಣ ಹಾಕಿದೆ. ಬಂಡವಾಳ ಹಾಕಲು ಬಂದಿದ್ದ ಹಿರಿಯರೊಬ್ಬರು, ನದಿ ಎಲ್ಲಿ ಹೋಯಿತೆಂದು ಕೇಳಿದರು. "ಲಾಸ್ ಏಂಜಲೀಸಿನ ನಲ್ಲಿಗಳಲ್ಲಿದೆ, ಎರಡೂ ದೇಶದ ಹೊಲಗಳಲ್ಲಿದೆ. ಸಮುದ್ರಕ್ಕೆ ಏನೂ ಉಳಿದಿಲ್ಲ," ಎಂದೆ. ಅವರು ಅರವಿಂದನ ಮುಖ ನೋಡಿದರು. ಅರವಿಂದ ಚಾವಣಿ ನೋಡಿದ.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. "ನಿಜ ಹೇಳೋಕೆ ಯಾರಾದ್ರೂ ಮೀಟಿಂಗು ಕರೀತಾರೇನ್ರೀ?"

ಚಳಿಗಾಲದ ಹೊತ್ತಿಗೆ ಕಂಪನಿ ಮುಚ್ಚಿತು. ನನ್ನ ಸತ್ಯನಿಷ್ಠೆಯೇ ಮುಳುಗಿಸಿತೆಂದು ಹೇಳಿಕೊಳ್ಳಲು ಆಸೆ. ಆದರೆ ಆ ರಸ್ತೆಯ ಅರ್ಧ ಕಂಪನಿಗಳು ಯಾವ ಸತ್ಯದ ಸಹಾಯವೂ ಇಲ್ಲದೆ ಮುಳುಗಿದವು.

ಮುಂದೆ ಮಾರ್ಗನ್ ಹಿಲ್ ಕಡೆ ನೀರು ಸರಬರಾಜಿನ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಮೊದಲ ವಾರವೇ ಒಬ್ಬಾಕೆ ಫೋನು ಮಾಡಿ, ನಲ್ಲಿಯಲ್ಲಿ ನೀರಿಲ್ಲವೆಂದಳು. ಕಂಪ್ಯೂಟರು ನೀರಿದೆ ಎನ್ನುತ್ತಿತ್ತು. ಹಾಗೆಂದು ಹೇಳಲು ಬಾಯಿ ತೆರೆದವನು, ಮುಚ್ಚಿಕೊಂಡು ಆಕೆಯ ವಿಳಾಸ ಕೇಳಿದೆ.