ಸೇತುವೆ ಕುಣಿಸುವ ಓಟ

ಕಳೆದ ವಾರ ಬಳ್ಳಾರಿಯ ಬ್ರೂಸ್‌ಪೇಟೆಯ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಆ ಬಿಸಿ ವಾಸನೆ ಮೂಗಿಗೆ ತಾಗಿದ್ದೇ, ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿದ್ದ ಕಬ್ಬಿಣದ ಸೇತುವೆಯೂ ಅದನ್ನು ಕಾಯುತ್ತಿದ್ದ ಕಾವಲುಗಾರ ಅಜ್ಜನೂ ನೆನಪಾದರು. ಅಲ್ಲಿನ ತೊಲೆಗಳಿಗೆ ಬಳಿದ ಡಾಂಬರು ಬಿಸಿಲಿಗೆ ಹೀಗೆಯೇ ವಾಸನೆ ಬಿಡುತ್ತಿತ್ತು... ಅಥವಾ ಆ ವಾಸನೆಯನ್ನು ನಾನೇ ಈಗ ಸೇರಿಸುತ್ತಿದ್ದೇನೋ ಏನೋ.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಎಂಜಿನಿಯರಿಂಗ್ ಮುಗಿಸಿ ವರ್ಷವೂ ಆಗಿರದ ನನ್ನನ್ನು ರಸ್ತೆ ಇಲಾಖೆಯವರು ಒಂದು ದೂರಿನ ವಿಚಾರಣೆಗೆ ಕಳಿಸಿದರು. ಅಜ್ಜ ಪ್ರತಿ ಲಾರಿಯನ್ನೂ ಎತ್ತಿನ ನಡಿಗೆಯಲ್ಲಿ ದಾಟಿಸುತ್ತಾನೆ, ಒಂದು ದಾಟಿದ ಮೇಲೆ ಸೇತುವೆಯ ನಡುಕ ನಿಲ್ಲುವವರೆಗೂ ಇನ್ನೊಂದನ್ನು ಬಿಡುವುದಿಲ್ಲ ಎಂದು ಲಾರಿಯವರ ದೂರು. ಅದು ಬೇಡದ ಕೆಲಸವೆಂದು ನಾನು ಬರೆದರೆ ಅಜ್ಜನನ್ನು ಕೆಲಸದಿಂದ ತೆಗೆದುಹಾಕುವವರಿದ್ದರು.

ನಾನು ಹೋದಾಗ ಅವರು ಸೇತುವೆಯ ನಡುವೆ, ಬರಿಗಾಲಿನ ಹಿಮ್ಮಡಿಯನ್ನು ಕಬ್ಬಿಣಕ್ಕೆ ಒತ್ತಿ ನಿಂತಿದ್ದರು.

"ಏನಜ್ಜಾ, ಇನ್ನೂ ಮಲಗಿಲ್ಲೇನು ನಿನ್ನ ಕೂಸು?" ಎಂದು ಕಾಯುತ್ತಿದ್ದ ಹತ್ತಿ ಲಾರಿಯ ಡ್ರೈವರ್ ಸೇತುವೆಯತ್ತ ಕೈ ತೋರಿಸಿ ಕೆಣಕಿದ.

"ಮಲಗಾಕತ್ತೈತಲೇ. ಬೀಡಿ ಹಚ್ಚು, ಅದು ಮುಗಿಯೂದ್ರಾಗ ಬಿಡ್ತೀನಿ."

ತುಂಬಿದ ಲಾರಿಯ ಎರಡರಷ್ಟು ಭಾರವನ್ನು ಈ ಸೇತುವೆ ಹೊರುತ್ತದೆ ಎಂಬ ನನ್ನ ಲೆಕ್ಕವನ್ನು ಅಜ್ಜನಿಗೆ ತೋರಿಸಿದೆ. ಅಜ್ಜ ಕಾಗದದ ಕಡೆ ನೋಡಲಿಲ್ಲ.

"ಭಾರದ್ದಲ್ರಿ ಸಾಹೇಬ್ರ, ಓಟದ್ದು. ಗಾಡಿ ಕುಣಕೋಂತ ಬಂದ್ರ ಇದೂ ಕುಣೀತೈತಿ."

ನಾನು ನಂಬಲಿಲ್ಲ. ಅವರ ಊಟದ ಕಂಚಿನ ತಟ್ಟೆಗೆ ನೀರು ತುಂಬಿಸಿ ಸೇತುವೆಯ ನಡುಭಾಗದಲ್ಲಿ, ಗಾಡಿಗೆ ಸಿಗದಂತೆ ಪಕ್ಕದ ಅಂಚಿಗೆ ಇಟ್ಟೆ. ಹತ್ತಿ ಲಾರಿ ನಿಧಾನವಾಗಿ ದಾಟಿತು. ನೀರಿನ ಮೇಲೆ ಸಣ್ಣ ನಿರಿಗೆ, ಅಷ್ಟೇ. ಎದುರಿನಿಂದ ಬಂದ ಖಾಲಿ ಲಾರಿಯನ್ನು ಸ್ವಲ್ಪ ಜೋರಾಗಿ ಓಡಿಸಲು ಹೇಳಿದೆ. ನೀರು ತುಳುಕಿ ಚೆಲ್ಲಿತು. ಕಾಲ ಕೆಳಗಿನ ಕಬ್ಬಿಣ ಉಸಿರಾಡಿದಂತೆ ಏರಿ ಇಳಿಯಿತು, ಲಾರಿ ಆಚೆ ದಡ ಸೇರಿದ ಮೇಲೂ ನಿಲ್ಲಲಿಲ್ಲ.

"ಇನ್ನ ಜೋರ ಬಿಡಸ್ರಿ, ಇಷ್ಟು ಕುಣಿಯಂಗಿಲ್ಲ," ಎಂದರು ಅಜ್ಜ. "ನಡು ಓಟನ ಕೆಟ್ಟದ್ದು."

ಹಾಗೆಯೇ ಆಯಿತು. ಇನ್ನೂ ಜೋರಾಗಿ ಓಡಿಸಿದಾಗ ನೀರು ಅಷ್ಟು ತುಳುಕಲಿಲ್ಲ. ಮತ್ತೆ ಓಡಿಸಿ ನೋಡಿದೆ, ಹಾಗೆಯೇ ಆಯಿತು. ಸೇತುವೆಗೆ ತನ್ನದೇ ಒಂದು ಲಯವಿರುತ್ತದೆ, ಗಾಡಿಯ ಕುಲುಕಾಟ ಅದಕ್ಕೆ ಕೂಡಿಬಂದರೆ ನಡುಕ ಬೆಳೆಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಅದನ್ನು ಹಿಮ್ಮಡಿಯಿಂದ ತಿಳಿದವರ ಮುಂದೆ ನಿಂತಾಗ ಮೈ ಜುಮ್ಮೆಂದಿತು. ನೀರು ಅಷ್ಟೊಂದು ಚೆಲ್ಲಿತ್ತೇ ಎಂದು ಈಗ ಅನುಮಾನ ಬರುತ್ತದೆ. ಕಾಲಿಗೆ ತಾಗಿದ ನಡುಕದ ಬಗ್ಗೆ ಅನುಮಾನವಿಲ್ಲ.

ಅವರ ಕೆಲಸ ಉಳಿಯಲೆಂದು ಬಹಳ ಜತನದಿಂದ ವರದಿ ಬರೆದೆ. ಯಾವ ವೇಗ ಅಪಾಯ, ಎರಡು ಲಾರಿಗಳ ನಡುವೆ ಎಷ್ಟು ಹೊತ್ತು ಬಿಡಬೇಕು, ಎಲ್ಲವನ್ನೂ. ಮೇಲಿನವರು ಮೆಚ್ಚಿದರು. ನಾನು ಬರೆದದ್ದನ್ನೇ ಎರಡು ಬೋರ್ಡುಗಳ ಮೇಲೆ ಬರೆಸಿ ಸೇತುವೆಯ ಎರಡೂ ತುದಿಗೆ ನೆಡಿಸಿದರು. ಬೋರ್ಡು ಇದ್ದ ಮೇಲೆ ಕಾವಲು ಯಾಕೆ ಎಂದು ಅಜ್ಜನನ್ನು ಮನೆಗೆ ಕಳಿಸಿದರು.

ನಾನು ಅವರನ್ನು ಹುಡುಕಿಕೊಂಡು ಹೋಗಲಿಲ್ಲ. ಈಗ ಅಲ್ಲಿರುವುದು ಕಾಂಕ್ರೀಟಿನ ಸೇತುವೆ. ಬಸ್ಸಿನಲ್ಲಿ ಕೂತವರಿಗೆ ಅದನ್ನು ದಾಟಿದ್ದೇ ತಿಳಿಯುವುದಿಲ್ಲ. ಮೊನ್ನೆ ಆ ವರದಿಯ ಪ್ರತಿಯನ್ನು ಹುಡುಕಿ ತೆಗೆದು ಓದಿದೆ. ತೊಲೆಯ ಉದ್ದವಿದೆ, ಲಾರಿಯ ತೂಕವಿದೆ, ಕೊನೆಯಲ್ಲಿ ನನ್ನ ಸಹಿಯಿದೆ. ಅಜ್ಜನ ಹೆಸರು ಎಲ್ಲೂ ಇಲ್ಲ. ಆವತ್ತು ನಾನು ಅದನ್ನು ಕೇಳಿದ್ದೆನೇ... ನೆನಪಿಲ್ಲ.