ಎರಡು ಸಲ ಹಂಚು ಏರಿದ ರೊಟ್ಟಿ

ಕುರುಗೋಡಿನ ಬಂಡೆಗುಡ್ಡದ ಹಿಂದೆ ಈಗಷ್ಟೇ ಬೆಳಕು ಹರಿಯುತ್ತಿದೆ. ಕೊಟ್ರಬಸಮ್ಮನವರ ಹಿತ್ತಿಲಲ್ಲಿ ಮಾತ್ರ ಆಗಲೇ ಟಪಟಪ ಸದ್ದು. ಜೋಳದ ಹಿಟ್ಟಿನ ಉಂಡೆ ಅವರ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಗಿ, ಹಂಚಿಗೆ ಬಿದ್ದು, ಮೇಲೆ ನೀರು ಸವರಿಸಿಕೊಂಡು ಮಗ್ಗುಲು ಬದಲಿಸುತ್ತದೆ. ಬೆಂದದ್ದನ್ನು ಒಲೆಯ ಬದಿಗೆ ಒರಗಿಸಿ ಒಣಗಿಸಿದರೆ ಖಡಕ್ ರೊಟ್ಟಿ ತಯಾರು. ಇವತ್ತಿನವು ಮಾತ್ರ ಒಣಗಿದ ಮೇಲೂ ಇನ್ನೊಮ್ಮೆ ಹಂಚು ಏರುತ್ತಿವೆ.

"ಇವು ಅಂಡಮಾನಿಗೆ ಹೋಗೋವ್ರಿ," ಎನ್ನುತ್ತಾರೆ ಅವರು, ಹೊಗೆಗೆ ಕಣ್ಣು ಕಿರಿದು ಮಾಡಿ. "ಅಲ್ಲಿ ಹವಾ ಮನುಷ್ಯಾರಿಗೆ ಸ್ವರ್ಗ ಐತಿ. ರೊಟ್ಟಿಗೆ ಮಾತ್ರ ಆಗಿಬರಾಂಗಿಲ್ಲ."

ಕರೂರಿನಲ್ಲಿ ಹುಟ್ಟಿ, ಮದುವೆಯಾಗುವವರೆಗೂ ಸಿರುಗುಪ್ಪದ ಕಡೆಯ ಗದ್ದೆಗಳಲ್ಲಿ ಭತ್ತದ ಸಸಿ ನೆಟ್ಟವರು ಕೊಟ್ರಬಸಮ್ಮ. ಲಾರಿ ಓಡಿಸುತ್ತಿದ್ದ ಗಂಡ ಉಜ್ಜಿನಪ್ಪನವರ ಬೆನ್ನಿಗೆ ಪೆಟ್ಟಾಗಿ ಅವರು ಮನೆ ಹಿಡಿದಾಗ, ಸಂಸಾರ ಈ ಹಂಚಿನ ಮೇಲೆ ನಿಂತಿತು. ದಿನವೂ ನೂರೈವತ್ತು ರೊಟ್ಟಿ ಬಡಿದು, ಮೊದಲ ಬಸ್ಸಿಗೆ ಬಳ್ಳಾರಿಗೆ ಒಯ್ದು ಮನೆಮನೆಗೆ ಕೊಟ್ಟು ಬರುತ್ತಿದ್ದರು. ಅಲ್ಲೇ ಚಿದಾನಂದಪ್ಪನವರ ಪರಿಚಯವಾಯಿತು. ವರ್ಷಕ್ಕೊಮ್ಮೆ ಬಳ್ಳಾರಿಯ ಕುಟುಂಬಗಳನ್ನು ಕೂಡಿಸಿಕೊಂಡು ಅಂಡಮಾನಿಗೆ ಕರೆದೊಯ್ಯುವವರು ಅವರು. ನಮ್ಮ ಮಂದಿ ಎರಡು ದಿನ ರೊಟ್ಟಿ ಕಾಣದಿದ್ದರೆ ಮೂರನೆಯ ದಿನ ಜಗಳಕ್ಕೆ ನಿಲ್ಲುತ್ತಾರೆಂದು ಬಲ್ಲ ಆ ಜಾಣ, ಕೊಟ್ರಬಸಮ್ಮನವರನ್ನೇ ಅಡುಗೆಗೆ ಹೊರಡಿಸಿಕೊಂಡರು.

ಮೊದಲ ವರ್ಷ ಚೀಲದ ತುಂಬ ಖಡಕ್ ರೊಟ್ಟಿ ಹೊತ್ತು ಹೋದರು. ಕುರುಗೋಡಿನ ಒಣಬಿಸಿಲಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿರುವ ರೊಟ್ಟಿ ಅಲ್ಲೇಕೆ ಕೆಡುತ್ತದೆ ಎಂಬ ಧೈರ್ಯ. ದ್ವೀಪದ ತೇವದ ಗಾಳಿ ತನ್ನ ಕೆಲಸ ಮಾಡಿಬಿಟ್ಟಿತು. "ಮರುದಿನಾನ ಒದ್ದಿ ಅರಬಿ ಆದಂಗ ಆಗಿದ್ವು. ಹಿಡಿದು ಎತ್ತಿದ್ರ ಜೋತುಬೀಳ್ತಿದ್ವು. ಹಿಂಡಿ ಒಣಹಾಕೋದೊಂದ ಬಾಕಿ," ಎಂದು ಈಗಲೂ ನಗುತ್ತಾರೆ. ಅವತ್ತಿನಿಂದ ಅಲ್ಲಿ ಮೂರು ಹೊತ್ತೂ ಬಿಸಿ ರೊಟ್ಟಿಯೇ ಗತಿ. ಹೀಗಾಗಿ ಒಲೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಕುಟುಂಬಗಳು ಬೆಳಿಗ್ಗೆ ಆರಾಮಾಗಿ ಎದ್ದು, ಆಕಾಶಕ್ಕೆ ಮುಟ್ಟುವ ಮರಗಳ ನೆರಳಲ್ಲಿ ಅಡ್ಡಾಡಿ, ಎಳನೀರು ಕುಡಿದು, ಮಕ್ಕಳನ್ನು ನೀರಿಗೆ ಬಿಟ್ಟು, ಕಾಲಿಗೆ ಮರಳು ಮೆತ್ತಿಕೊಂಡು ಊಟಕ್ಕೆ ಬರುತ್ತಿದ್ದವು. ಕೊಟ್ರಬಸಮ್ಮನವರಿಗೆ ಸಮುದ್ರವೆಂದರೆ ಅಡುಗೆಮನೆಯ ಕಿಟಕಿಯಾಚೆ ಕೇಳುವ ಸದ್ದು.

ಹೋದ ವರ್ಷದ ತಂಡದಲ್ಲಿ ಬಳ್ಳಾರಿಯ ಸಂಪದಾ ಎಂಬ ಟೀಚರು, ಅವರ ಗಂಡ, ಮಗಳು ಮತ್ತು ಅತ್ತೆ ಲಕ್ಷ್ಮೀಬಾಯಿ ಇದ್ದರು. ಎಪ್ಪತ್ತು ದಾಟಿದ ಲಕ್ಷ್ಮೀಬಾಯಿ ಮಡಿಯ ಹೆಂಗಸು, ಪರರ ಕೈಯಡುಗೆ ಒಲ್ಲರು. ಅದೇ ಅಡುಗೆಮನೆಯ ಮೂಲೆಯಲ್ಲಿ ಪುಟ್ಟ ಒಲೆ ಹೂಡಿ ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುತ್ತಿದ್ದರು. ಕೊಟ್ರಬಸಮ್ಮನವರು ದಿನಾ ಆ ಮೂಲೆಯನ್ನು ಒರೆಸಿ ಬಿಟ್ಟುಕೊಡುತ್ತಿದ್ದರು. ಹೀಗೆ ಎರಡು ಒಲೆಗಳ ನಡುವೆ ಮಾತು ಬೆಳೆಯಿತು.

ಹವಳ ನೋಡಲು ಹೋಗುವ ಹಿಂದಿನ ಸಂಜೆ ಸಂಪದಾ ಸುಮ್ಮನೆ ಕೇಳಿದರು, "ನೀವು ಹವಳ ನೋಡೀರೇನ್ರಿ ಅಕ್ಕಾ?"

"ಎಲ್ಲಿಂದ್ರಿ ಅಮ್ಮಾ? ನೀವು ಬರೋದ್ರಾಗ ರೊಟ್ಟಿ ಆಗಬೇಕಲ್ಲ."

ಮೂಲೆಯಲ್ಲಿದ್ದ ಲಕ್ಷ್ಮೀಬಾಯಿ ಅದನ್ನು ಕೇಳಿಸಿಕೊಂಡರು. ಬೆಳಿಗ್ಗೆ ಎಲ್ಲರೂ ಹೊರಟು ನಿಂತಾಗ ಕೊಟ್ರಬಸಮ್ಮನವರ ಕೈಯಿಂದ ಸೌಟು ಕಸಿದುಕೊಂಡರು. "ನನ್ನ ಮೊಣಕಾಲು ಹಿಡಕೊಂಡಾವ ಬಸಮ್ಮ. ದೋಣಿ ಹತ್ತೋದು ನನ್ನಿಂದ ಆಗಂಗಿಲ್ಲ. ನನ್ನ ಚೀಟಿ ಮ್ಯಾಲೆ ನೀ ಹೋಗಿ ಬಾ. ಒಲಿ ನಾ ನೋಡ್ಕೋತೀನಿ."

ತಳಕ್ಕೆ ಗಾಜು ಹಾಕಿದ ದೋಣಿ. ಕಾಲ ಕೆಳಗೇ ನೀಲಿ ಮೀನು, ಹಳದಿ ಮೀನು, ಕೊಂಬೆ ಕೊಂಬೆಯಾಗಿ ಬೆಳೆದ ಹವಳ. "ನಾ ಎರಡೂ ಕಾಲು ಮ್ಯಾಲ ಎತ್ಕೊಂಡು ಕುಂತಿದ್ದೆ. ತುಳದ್ರ ಪಾಪ ಬಂದೀತು ಅಂತ," ಎನ್ನುವಾಗ ಅವರ ಮುಖ ಅರಳುತ್ತದೆ. ಮರಳಿ ಬಂದರೆ ಲಕ್ಷ್ಮೀಬಾಯಿ ರೊಟ್ಟಿ ಬಡಿಯಲು ಹೋಗಿ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಕೂತಿದ್ದರು. ಒಂದೂ ದುಂಡಗಿರಲಿಲ್ಲ. ತಂಡದವರು ಹರಕು ರೊಟ್ಟಿಯನ್ನೇ ಹುಳಿಯಲ್ಲಿ ಅದ್ದಿ, ಹೊಗಳಿ ಹೊಗಳಿ ತಿಂದರು. ಅದಕ್ಕೂ ಮೊದಲು ಲಕ್ಷ್ಮೀಬಾಯಿ ಕೊಟ್ರಬಸಮ್ಮನವರನ್ನು ಕೂರಿಸಿ ಬಡಿಸಿದ್ದರು.

"ಮೊದಲನೇ ಪಂಕ್ತ್ಯಾಗ ಊಟ ಮಾಡಿ ಎಷ್ಟ್ ವರ್ಷ ಆಗಿತ್ತೋ ರೀ. ಕಣ್ಣಾಗ ನೀರು ಬಂದುಬಿಟ್ವು."

ವಾಪಸ್ ಬರುವಾಗ ಚೆನ್ನೈಯಿಂದ ರೈಲಿನಲ್ಲಿ ಸಂಪದಾ ಮೆಲ್ಲಗೆ ಗುಟ್ಟು ಬಿಟ್ಟರು. ಅತ್ತೆಯ ಮೊಣಕಾಲಿಗೆ ಏನೂ ಆಗಿರಲಿಲ್ಲ. ಹವಳ ನೋಡಬೇಕೆಂಬ ಆಸೆಗೇ ಅವರು ಪ್ರವಾಸಕ್ಕೆ ಹೊರಟದ್ದು. ಅದನ್ನು ಕೇಳಿದ ಗಳಿಗೆಯಿಂದ ಕೊಟ್ರಬಸಮ್ಮನವರಿಗೆ ನೆಮ್ಮದಿಯಿಲ್ಲ. ಈ ವರ್ಷದ ತಂಡ ಹೊರಡುವ ಹೊತ್ತು ಬಂದಿದೆ, ಬನ್ನಿ ಎಂದು ಕರೆದರೆ ಲಕ್ಷ್ಮೀಬಾಯಿಯದು ಒಂದೇ ಹಟ. "ನೀ ಒಲಿ ಮುಂದ ಕೂತು, ನಾ ದೋಣ್ಯಾಗ ಮೆರೆಯಲೇನು? ಇಬ್ಬರೂ ಹೋಗೋದಿದ್ರ ಹೇಳು, ಇಲ್ಲಂದ್ರ ನಾ ಬರಂಗಿಲ್ಲ."

ಇಬ್ಬರೂ ಹೋಗಬೇಕೆಂದರೆ ಅವತ್ತು ಒಲೆ ಹಚ್ಚಬಾರದು. ಒಲೆ ಹಚ್ಚದಿದ್ದರೆ ತಂಡಕ್ಕೆ ಖಡಕ್ ರೊಟ್ಟಿಯೇ ಬೇಕು, ಅದೂ ಆ ಗಾಳಿಗೆ ಮೆತ್ತಗಾಗದಂಥದ್ದು. ಅದಕ್ಕೇ ಈ ಎರಡು ಸಲದ ಹಂಚು. ಆರಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ತಗಡಿನ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಟೇಪು ಬಿಗಿದಿದ್ದಾರೆ. ಪರೀಕ್ಷೆಗೆಂದು ಒಂದು ಡಬ್ಬಿ ವಾರದಿಂದ ಬಚ್ಚಲಲ್ಲಿ ಒದ್ದೆ ಗೋಣಿ ಹೊದ್ದು ಕೂತಿದೆ. "ದೇವರಿಗೆ ಇಷ್ಟು ಮಡಿ ಮಾಡಿಲ್ಲ ಇಕಿ," ಎಂದು ಉಜ್ಜಿನಪ್ಪ ಕಟ್ಟೆಯ ಮೇಲಿಂದ ಛೇಡಿಸುತ್ತಾರೆ.

ಈಗ ಡಬ್ಬಿ ಹೊರಗೆ ಬರುತ್ತದೆ. ಸುತ್ತಿದ ಟೇಪು ಬಿಚ್ಚಿಕೊಳ್ಳುತ್ತದೆ. ಕೊಟ್ರಬಸಮ್ಮ ಮೇಲಿನ ರೊಟ್ಟಿಯನ್ನು ಮುಟ್ಟಿ ನೋಡಿ, ಬಳ್ಳಾರಿಯ ಲಕ್ಷ್ಮೀಬಾಯಿಗೆ ಫೋನು ಹಚ್ಚುತ್ತಾರೆ. "ಅಮ್ಮಾರ, ಜರಾ ಕೇಳ್ರಿ," ಎಂದು ಫೋನಿನ ಹತ್ತಿರವೇ ರೊಟ್ಟಿ ಮುರಿಯುತ್ತಾರೆ. ಚಟ್ ಎಂದು ಸದ್ದಾಗುತ್ತದೆ.

ಆ ಕಡೆಯಿಂದ ನಗು. "ಹಂಗಾದ್ರ ಬರ್ತೀನಿ ಬಿಡು. ಅವತ್ತು ನನ್ನ ಒಲಿನೂ ಹಚ್ಚಂಗಿಲ್ಲ. ಡಬ್ಬ್ಯಾಗ ನನ್ನ ಪಾಲಿನ ರೊಟ್ಟಿನೂ ಹಾಕು, ಬಸಮ್ಮ."

ಕೊಟ್ರಬಸಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ, ಹೊಗೆಯ ನೆಪ ಹೇಳುವುದಿಲ್ಲ. ಇನ್ನೊಂದು ಉಂಡೆ ತೆಗೆದುಕೊಂಡು, ಮೊದಲಿಗಿಂತ ನಿಧಾನವಾಗಿ ಬಡಿಯತೊಡಗುತ್ತಾರೆ.

"ಅಮ್ಮಾರ ಹಲ್ಲಿಗೆ ತೆಳ್ಳಗ ಇರಬೇಕ್ರಿ," ಎನ್ನುತ್ತಾರೆ.