ಅರವತ್ತೊಂದನೆಯ ಫೋನು

ಒಂಬತ್ತು ವರ್ಷ ರಗ್ನಾಳ ಪ್ರಾರ್ಥನೆ ಒಂದೇ ಆಗಿತ್ತು. ಬೆಳಿಗ್ಗೆ ಕಾಫಿಗೆ ನೀರಿಟ್ಟು, ಅಡುಗೆಮನೆಯ ಕಿಟಕಿಯ ಬಳಿ ನಿಂತು ಕೈ ಜೋಡಿಸುತ್ತಿದ್ದಳು. ದೇವರೇ, ನನ್ನನ್ನು ಬದುಕಿಸು. ಸಿಗ್ವಾರ್ಟನನ್ನೂ ಬದುಕಿಸು. ಅವನು ಆ ಕುರ್ಚಿಯಲ್ಲಿ ಕೂತಿರುವಾಗಲೇ ನನ್ನ ಕೈಗೆ ಸಿಗುವಂತೆ ಮಾಡು. ಇಷ್ಟು ಹೇಳಿ ಕಾಫಿ ಕುಡಿದು, ದೋಣಿಕಟ್ಟೆಯ ದಾರಿ ಹಿಡಿದು ಕಾರ್ಖಾನೆಗೆ ಹೋಗುತ್ತಿದ್ದಳು.

ಇಂಥ ಪ್ರಾರ್ಥನೆ ಸಲ್ಲದು ಎಂದು ಅವಳಿಗೆ ಗೊತ್ತಿತ್ತು. ಆದರೆ ಮನಸ್ಸಿನಲ್ಲಿ ಒಂದಿಟ್ಟುಕೊಂಡು ದೇವರ ಮುಂದೆ ಇನ್ನೊಂದು ಹೇಳುವುದು ಅದಕ್ಕಿಂತ ದೊಡ್ಡ ಪಾಪ ಎಂದು ಅವಳ ಎಣಿಕೆ.

ನಾರ್ವೆಯ ಪಡುವಣ ಕಡಲಿನಲ್ಲಿ ಹೋಲ್ಮೊಯಾ ಎಂಬ ದ್ವೀಪ ಅವಳ ಊರು. ಅಪ್ಪ ದೀಪಸ್ತಂಭದ ಕಾವಲುಗಾರ. ಹತ್ತೊಂಬತ್ತನೆಯ ವಯಸ್ಸಿಗೆ ರಗ್ನಾ ಮೀನಿನ ಕಾರ್ಖಾನೆಯ ಟೆಲಿಫೋನ್ ಹಲಗೆಯ ಮುಂದೆ ಕೂತವಳು. ತಂತಿ ಕಿತ್ತು ತಂತಿ ಸಿಕ್ಕಿಸುವ ಕೆಲಸ. ಆ ಹಲಗೆ ಹೋಯಿತು, ಯಂತ್ರ ಬಂತು. ಯಂತ್ರ ಹೋಯಿತು, ಕಂಪ್ಯೂಟರ್ ಬಂತು. ಅವಳು ಯಾವುದಕ್ಕೂ ಶಾಲೆಗೆ ಹೋಗಲಿಲ್ಲ. ರಿಪೇರಿಗೆ ಬಂದವರ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತು, ಅವರು ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡಳು. ಕೇಳಿಸಿಕೊಳ್ಳುವವರ ಮುಂದೆ ಜನ ಎಲ್ಲವನ್ನೂ ಹೇಳಿಬಿಡುತ್ತಾರೆ. ಹಾಗೆ ಕಲಿತಳು.

ಸಿಗ್ವಾರ್ಟ್ ವ್ಯವಸ್ಥಾಪಕನಾಗಿ ಬಂದ ವರ್ಷ ಕಾರ್ಖಾನೆಗೆ ಹೊಸ ಫೋನು ವ್ಯವಸ್ಥೆ ಬೇಕಾಯಿತು. ರಗ್ನಾ ಎರಡು ಹಾಳೆ ಬರೆದು ಕೊಟ್ಟಳು. ಎಲ್ಲರ ಜೇಬಿನಲ್ಲೂ ಅವರವರ ಮೊಬೈಲ್ ಇದೆ. ಎಲ್ಲ ತಯಾರಕರೂ ಒಪ್ಪಿದ ತೆರೆದ ನಿಯಮವೊಂದಿದೆ. ಆ ನಿಯಮದ ಮೇಲೆ ಕಾರ್ಖಾನೆಯ ಕರೆಗಳನ್ನು ನಡೆಸಿದರೆ ಯಾವ ಫೋನಾದರೂ ಸರಿ, ಎಷ್ಟಾದರೂ ಸರಿ.

"ನೋಡು," ಎಂದು ಅವನಿಗೆ ವಿವರಿಸಿದಳು. "ದೋಣಿಯನ್ನ ಯಾರಾದ್ರೂ ಕಟ್ಟಿರ್ಲಿ. ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಆ ನಿಯಮಕ್ಕೆ ಒಡೆಯ ಅಂತ ಇಲ್ಲ. ಅದಕ್ಕೇ ಕತ್ತಲೇಲಿ ಯಾರೂ ಯಾರಿಗೂ ಡಿಕ್ಕಿ ಹೊಡೆಯಲ್ಲ."

"ಒಬ್ಬೊಬ್ಬರದು ಒಂದೊಂದು ಡಬ್ಬ. ಸಂತೆ ಆಗತ್ತೆ, ರಗ್ನಾ," ಎಂದು ಸಿಗ್ವಾರ್ಟ್ ನಕ್ಕ. ಹಾಳೆಗಳ ಮೇಲೆ ಕಾಫಿ ಲೋಟ ಇಟ್ಟ.

ಅವನು ಕೊಂಡದ್ದು ಒಬ್ಬನೇ ಮಾರಾಟಗಾರನ ಮುಚ್ಚಿದ ವ್ಯವಸ್ಥೆ. ಅದರ ಫೋನುಗಳು ಅದರೊಂದಿಗೆ ಮಾತ್ರ ಮಾತಾಡುತ್ತಿದ್ದವು. ಒಮ್ಮೆಗೆ ಅರವತ್ತು ಫೋನಿಗೆ ಪರವಾನಗಿ. ಕೆಲಸಗಾರರ ಸ್ವಂತ ಮೊಬೈಲುಗಳು ಬಟ್ಟೆ ಬದಲಿಸುವ ಕೋಣೆಯ ಕಪಾಟಿನಲ್ಲಿ ಉಳಿಯಬೇಕು ಎಂದು ಗೋಡೆಗೆ ಚೀಟಿ ಬಿತ್ತು. ಕೆಲವು ತಿಂಗಳ ಮೇಲೆ ಶೀತಲಗೃಹಕ್ಕೂ ಒಂದು ಫೋನು ಬೇಕೆಂದಾಗ ರಗ್ನಾ, "ಅರವತ್ತು ಆಗಿಹೋಗಿದೆ," ಎಂದಳು.

"ಎಲ್ಲಾ ಒಟ್ಟಿಗೇ ಎಲ್ಲಿ ಚಾಲೂ ಇರತ್ತೆ? ಇನ್ನೊಂದು ಸೇರಿಸು, ನಡೆಯತ್ತೆ."

ಬಾಯಿಮಾತಿನಲ್ಲಿ ಹೇಳಿದ್ದ. ಅವಳೂ ಬಾಯಿಮಾತಿನಲ್ಲೇ ಬೇಡ ಅಂದಿದ್ದಳು. ಆಮೇಲೆ ಸೇರಿಸಿದಳು. ಅರವತ್ತೊಂದನೆಯ ಫೋನನ್ನು ತನ್ನ ತಂಗಿಯ ಗಂಡ ಆರ್ನ್‌ಫಿನ್‌ನ ಕೈಗೆ ತಾನೇ ಕೊಟ್ಟಳು.

ಆರ್ನ್‌ಫಿನ್ ಶೀತಲಗೃಹದ ಮೇಲ್ವಿಚಾರಕ. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಅಕಾರ್ಡಿಯನ್ ನುಡಿಸುವವನು. ಅವನು ನುಡಿಸಿದರೆ ಕಿವಿ ಕೇಳದ ಮುದುಕಿಯರೂ ಕಾಲಿನಲ್ಲಿ ತಾಳ ಹಾಕುತ್ತಿದ್ದರು. ನವೆಂಬರಿನ ಒಂದು ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತಿನಲ್ಲಿ, ಶೀತಲಗೃಹದ ಬಾಗಿಲು ಒಳಗಿನಿಂದ ತೆರೆಯಲಿಲ್ಲ. ಎಚ್ಚರಿಕೆ ಗಂಟೆಯ ಗುಂಡಿ ಹಿಮಗಟ್ಟಿ ಕೂತಿತ್ತು. ಆರ್ನ್‌ಫಿನ್ ಬಲಗೈಯ ಕೈಗವಸು ತೆಗೆದು ಫೋನಿನ ಗುಂಡಿ ಒತ್ತಿದ. ಹೋಗುವ ಪಾಳಿಯವರ ಫೋನುಗಳೂ ಬರುವ ಪಾಳಿಯವರ ಫೋನುಗಳೂ ಒಟ್ಟಿಗೆ ಚಾಲೂ ಇದ್ದ ಗಳಿಗೆ ಅದು. ಕರೆ ಹೋಗಲಿಲ್ಲ. ಮತ್ತೆ ಒತ್ತಿದ. ಕೈಗವಸು ಹಾಕಿಕೊಂಡರೆ ಗುಂಡಿ ಒತ್ತಲಾಗದು. ಬರಿಗೈಯಲ್ಲೇ ಒತ್ತುತ್ತಲೇ ಇದ್ದ. ಅದೇ ಹೊತ್ತಿಗೆ ಕಪಾಟಿನೊಳಗೆ ಅವನ ಸ್ವಂತ ಮೊಬೈಲು ಬಡಿದುಕೊಳ್ಳುತ್ತಿತ್ತು. ರಾತ್ರಿಯೂಟಕ್ಕೆ ಆಲೂಗಡ್ಡೆ ತರಬೇಕೇ ಎಂದು ಕೇಳಲು ಹೆಂಡತಿ ಯೋರುನ್ ಕರೆಯುತ್ತಿದ್ದಳು.

ಕೊನೆಗೆ ಯಾರೋ ಹೊರಗಿನಿಂದ ಬಾಗಿಲು ತೆರೆದರು, ಜೀವ ಉಳಿಯಿತು. ಬಲಗೈಯ ಮೂರು ಬೆರಳು ಹೋದವು.

ರಗ್ನಾ ತಂಗಿಯ ಜೊತೆ ಬೆರ್ಗೆನ್ನಿನ ಆಸ್ಪತ್ರೆಯಲ್ಲಿ ಎಂಟು ದಿನ ಅವನ ಮಂಚದ ಪಕ್ಕ ಕೂತಳು. ಅತ್ತ ಕಾರ್ಖಾನೆಯಲ್ಲಿ ಮೊದಲ ದಿನವೇ ಸಭೆ ಸೇರಿ, ನಡಾವಳಿ ಬರೆದು ಎಲ್ಲರಿಗೂ ಕಳಿಸಿದರು. ನಾಲ್ಕನೆಯ ಅಂಶ: ಫೋನಿನ ಹೊಣೆ ಹೊತ್ತವರು ಉಪಕರಣವನ್ನು ಸರಿಯಾಗಿ ನೋಂದಾಯಿಸದೆ ಇದ್ದುದರಿಂದ ಈ ಅವಘಡ. ಕೊನೆಯಲ್ಲಿ ಎಂದಿನ ಸಾಲು: ಒಂದು ವಾರದೊಳಗೆ ಆಕ್ಷೇಪ ಬಾರದಿದ್ದರೆ ಅಂಗೀಕೃತ.

ಒಂಬತ್ತನೆಯ ದಿನ ಕಾರ್ಖಾನೆಗೆ ಮರಳಿದ ಮೇಲೆ ಅವಳು ಅದನ್ನು ಓದಿದಳು. ಕೋಟು ಕಳಚದೆ ನೇರ ಸಿಗ್ವಾರ್ಟನ ಕೋಣೆಗೆ ಹೋದಳು.

"ಇದು ಸುಳ್ಳು. ನೀನೇ ಸೇರಿಸು ಅಂದಿದ್ದು."

"ಒಂದು ವಾರ ಇತ್ತಲ್ಲ, ರಗ್ನಾ," ಎಂದ ಅವನು, ತುಂಬ ಮೆತ್ತಗೆ. "ಯಾರೂ ಏನೂ ಅನ್ಲಿಲ್ಲ."

ಅವಳು ಮಾರಾಟಗಾರನಿಗೆ ಬರೆದು ಆ ದಿನದ ದಾಖಲೆ ಕೇಳಿದಳು. ದಾಖಲೆ ಮುಚ್ಚಿದ ಪೆಟ್ಟಿಗೆಯಲ್ಲಿತ್ತು. ಅದರ ಕೀಲಿ ಅವರಲ್ಲೇ ಇತ್ತು. ವ್ಯವಸ್ಥಾಪಕರ ಸಹಿ ಇಲ್ಲದೆ ಕೊಡುವುದಿಲ್ಲ ಎಂದರು.

ಹೋಲ್ಮೊಯಾದಲ್ಲಿ ಸುಮ್ಮನಿದ್ದವನು ಒಪ್ಪಿದವನು. ಮದುವೆ ಮಾತುಕತೆಯಿಂದ ಹಿಡಿದು ಬೇಲಿ ಜಗಳದವರೆಗೆ ಹಾಗೇ ನಡೆದುಬಂದಿದೆ. ಯೋರುನ್ ತನ್ನ ಮನೆ ಬಾಗಿಲಲ್ಲೇ ನಿಂತು ಅಕ್ಕನನ್ನು ಕೇಳಿದಳು: "ನಿನ್ನ ತಪ್ಪಲ್ದೇ ಇದ್ರೆ ಒಪ್ಪಲ್ಲ ಅನ್ಬೇಕಿತ್ತು ತಾನೇ?"

"ಆ ವಾರ ನಿನ್ನ ಪಕ್ಕದಲ್ಲೇ ಕೂತಿದ್ನಲ್ಲೇ!"

"ಹೂಂ, ನೀನು ಕೂತಿದ್ದೆ. ಯಾವ ತಪ್ಪು ಮುಚ್ಕೊಳ್ಳೋಕೆ ಅಂತ ಈಗ ಗೊತ್ತಾಯ್ತು."

ಬಾಗಿಲು ಮುಚ್ಚಿತು. ಅಂದಿನಿಂದ ಪ್ರಾರ್ಥನಾ ಮಂದಿರದಲ್ಲಿ ತಂಗಿ, ಅವಳ ಗಂಡ ಎಡಗಡೆಯ ಬೆಂಚಿನಲ್ಲಿ, ರಗ್ನಾ ಬಲಗಡೆ. ಅಕಾರ್ಡಿಯನ್ ಪೆಟ್ಟಿಗೆ ಗೋಡೆಗೊರಗಿ ಧೂಳು ತಿನ್ನುತ್ತಿತ್ತು. ಕಾರ್ಖಾನೆಯಲ್ಲಿ ರಗ್ನಾಳ ಕೋಣೆಯನ್ನು ನೆಲಮಾಳಿಗೆಗೆ ಇಳಿಸಿದರು. ಇಳಿದಳು. ರಾಜೀನಾಮೆ ಕೊಡಲಿಲ್ಲ. ಕೊಟ್ಟರೆ ಸಿಗ್ವಾರ್ಟ್ ಕಣ್ಣಿನಿಂದ ದೂರವಾಗುತ್ತಾನಲ್ಲ.

ಒಂಬತ್ತು ವರ್ಷದ ಮೇಲೆ ಆ ಮಾರಾಟಗಾರನನ್ನು ಬೇರೆ ಯಾರೋ ಕೊಂಡರು. ಏಪ್ರಿಲ್ ಮುಗಿದೊಡನೆ ವ್ಯವಸ್ಥೆ ನಿಲ್ಲುತ್ತದೆ ಎಂದು ಪತ್ರ ಬಂತು. ಸಿಗ್ವಾರ್ಟ್ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದ. ಮೊದಲ ಸಲ.

"ನೀನು ಯಾವತ್ತೋ ಏನೋ ಬರ್ದಿದ್ದೆಯಲ್ಲ, ಎಲ್ಲರ ಸ್ವಂತ ಫೋನಿಂದು? ಅದೀಗ ಆಗತ್ತಾ?"

"ಆಗತ್ತೆ."

"ಎಷ್ಟು ದಿನ ಬೇಕು?"

"ಆರು ವಾರ. ಹಳೇ ದಾಖಲೆಯೆಲ್ಲ ಅವರು ಬೀಗ ತೆಗೆದು ಕೊಡಬೇಕು, ಯಾರು ಬೇಕಾದ್ರೂ ಓದೋ ಹಾಗೆ. ಅದಕ್ಕೆ ನಿನ್ನ ಸಹಿ ಬೇಕು."

"ಯಾಕೆ?"

"ಯಾವ ಬಾಗಿಲಿಂದ ಯಾವ ನಂಬರಿಗೆ ಕರೆ ಹೋಗತ್ತೆ ಅಂತ ಅದರಲ್ಲೇ ಇರೋದು. ಹೊಸದಕ್ಕೆ ಅದನ್ನ ಇಳಿಸ್ಕೋಬೇಕು."

ಅದು ನಿಜವೇ. ಪೂರ್ತಿ ನಿಜವಲ್ಲ. ಅವನು ಓದದೆ ಸಹಿ ಹಾಕಿದ. ಅವನು ಯಾವುದನ್ನೂ ಓದುವವನಲ್ಲ. ಬರೆದವರು ಓದಿಕೊಳ್ಳಲಿ ಎನ್ನುವುದು ಅವನ ತಮಾಷೆ.

ರಗ್ನಾ ಕೆಲಸವನ್ನು ಚೊಕ್ಕವಾಗಿ ಮಾಡಿದಳು. ಹಗೆಯಿಂದ ಮಾಡುವ ಕೆಲಸದಲ್ಲಿ ಒಂದು ಎಳೆಯೂ ಸಡಿಲ ಇರಬಾರದು. ಕ್ಯಾಂಟೀನಿನಲ್ಲಿ ಮೇಜು ಹಾಕಿಕೊಂಡು ಕೂತು ಒಬ್ಬೊಬ್ಬರ ಮೊಬೈಲನ್ನೂ ಸೇರಿಸಿದಳು. ಹೊಚ್ಚ ಹೊಸದಿದ್ದವು, ಗಾಜು ಒಡೆದವಿದ್ದವು, ಮೀನಿನ ಹುರುಪೆ ಅಂಟಿದವಿದ್ದವು. ಎಲ್ಲವೂ ಒಂದೇ ನಿಯಮಕ್ಕೆ ಓಗೊಟ್ಟವು.

ಮೀನು ಕೊಯ್ಯುವ ವಿಭಾಗದ ಗುನ್ವೋರ್ ಕೆಲಸಗಾರರ ಸುರಕ್ಷತಾ ಪ್ರತಿನಿಧಿ. ಫೋನನ್ನು ಎದೆಗೊತ್ತಿಕೊಂಡು ನಿಂತಳು. "ಸಿಗ್ವಾರ್ಟ್ ನನ್ನ ಫೋನೊಳಗೆ ಇಣುಕಿ ನೋಡ್ತಾನಾ?"

"ನೋಡೋ ಅಂಥದ್ದೇನಿದೆ ಅದರಲ್ಲಿ?"

"ನನ್ನ ಗಂಡ ಗೊರಕೆ ಹೊಡೆಯೋದು ರೆಕಾರ್ಡ್ ಮಾಡಿದೀನಿ. ಕೋರ್ಟಿಗೆ ಬೇಕಾಗತ್ತೆ."

"ಕರೆ ಬರತ್ತೆ, ಕರೆ ಹೋಗತ್ತೆ, ಅಷ್ಟೇ. ಪಾಳಿ ಮುಗಿದ ಮೇಲೆ ಅದೂ ಇಲ್ಲ. ನಿನ್ನ ಗಂಡನ ಗೊರಕೆ ನಿನ್ನ ಹತ್ರಾನೇ ಇರತ್ತೆ."

"ಬೇಕಾದ್ರೆ ಅವನಿಗೆ ಕಳಿಸು ಮಾರಾಯ್ತಿ," ಎಂದು ಗುನ್ವೋರ್ ಫೋನು ಕೊಟ್ಟಳು.

ದಾಖಲೆ ಬಂದ ದಿನ ರಗ್ನಾ ಒಳಗಿನಿಂದ ಚಿಲಕ ಹಾಕಿಕೊಂಡಳು. ಆ ನವೆಂಬರಿನ ಮಧ್ಯಾಹ್ನ ಹುಡುಕುವುದು ಕಷ್ಟವಾಗಲಿಲ್ಲ. ಎರಡು ಗಂಟೆ ಐವತ್ತೆಂಟು ನಿಮಿಷ: ಫೋನು ಅರವತ್ತೊಂದು, ಕರೆ ನಿರಾಕರಿಸಲಾಗಿದೆ, ಪರವಾನಗಿ ಮಿತಿ ಅರವತ್ತು. ಅದರ ಕೆಳಗೆ ಮತ್ತೆ ಅದೇ. ಮತ್ತೆ ಅದೇ. ಬೆರಳಿಟ್ಟು ಎಣಿಸಿದಳು. ಹತ್ತೊಂಬತ್ತು ಸಾಲು. ಮೊದಮೊದಲು ನಿಮಿಷಕ್ಕೆರಡು, ಕೊನೆಕೊನೆಗೆ ನಡುವಿನ ಅಂತರ ಹೆಚ್ಚುತ್ತ ಹೋಗಿತ್ತು. ಬೆರಳುಗಳು ಮರಗಟ್ಟುತ್ತಿದ್ದುದು ಆ ಅಂಕಿಗಳಲ್ಲಿ ಕಾಣುತ್ತಿತ್ತು. ಅವಳು ತಲೆಯನ್ನು ಮೇಜಿಗೆ ಒತ್ತಿ ಅತ್ತಳು. ಎದ್ದು ಮುಖ ತೊಳೆದು, ದೇವರಿಗೆ ಧನ್ಯವಾದ ಹೇಳಿದಳು.

ಹೊಸ ವ್ಯವಸ್ಥೆ ಶುರುವಾದ ದಿನ ಸಭೆ. ದೋಸೆಯಂಥ ತೆಳು ವಾಫೆಲ್, ಬೆರ್ರಿ ಜಾಮು, ಕಾಫಿ. ನಡಾವಳಿ ಯಾರು ಬರೀತೀರಿ ಎಂದಾಗ ಎಂದಿನಂತೆ ಎಲ್ಲರೂ ತಟ್ಟೆ ನೋಡಿದರು.

"ನಾನು ಬರೀತೀನಿ," ಎಂದಳು ರಗ್ನಾ.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ!" ಎಂದ ಸಿಗ್ವಾರ್ಟ್.

ಅವಳ ಸರದಿ ಬಂದಾಗ ಎಲ್ಲರಿಗೂ ಕೇಳುವಂತೆ ಹೇಳಿದಳು. "ಹಳೇ ವ್ಯವಸ್ಥೆ ಹೇಗೆ ನಡೀತು ಅಂತ ದಾಖಲೆ ಸಿಕ್ಕಿದೆ. ಅವಘಡದ ದಿನದ್ದೂ ಇದೆ. ಅದು ಹಳೇ ನಡಾವಳಿಗೆ ತಾಳೆ ಆಗಲ್ಲ. ಸರಿಪಡಿಸಿ ಲಗತ್ತಿಸ್ತೀನಿ."

"ಲಗತ್ತಿಸು, ಲಗತ್ತಿಸು," ಎಂದ ಸಿಗ್ವಾರ್ಟ್. ಎರಡನೆಯ ವಾಫೆಲ್‌ಗೆ ಜಾಮು ಸವರುತ್ತಿದ್ದ.

ಸಂಜೆಯೊಳಗೆ ನಡಾವಳಿ ನೂರನಲವತ್ತು ಜನರ ಸ್ವಂತ ಫೋನುಗಳಿಗೆ ಹೋಯಿತು. ಸಿಗ್ವಾರ್ಟನಿಗೂ ಹೋಯಿತು. ಏಳನೆಯ ಅಂಶ: ಒಂಬತ್ತು ವರ್ಷದ ಹಿಂದಿನ ನಡಾವಳಿಯ ನಾಲ್ಕನೆಯ ಅಂಶ ತಪ್ಪು. ಅರವತ್ತು ಪರವಾನಗಿಯ ಮೇಲೆ ಅರವತ್ತೊಂದನೆಯ ಫೋನು ಸೇರಿಸಲು ಹೇಳಿದವರು ವ್ಯವಸ್ಥಾಪಕರು; ಬೇಡವೆಂದು ಬಾಯಲ್ಲಿ ಹೇಳಿಯೂ ಸೇರಿಸಿದವಳು ರಗ್ನಾ. ಆರ್ನ್‌ಫಿನ್ ಹತ್ತೊಂಬತ್ತು ಸಲ ಕರೆದರು. ಕೆಳಗೆ ಹತ್ತೊಂಬತ್ತು ಸಾಲು, ನಿಮಿಷದೊಂದಿಗೆ. ಕೊನೆಯಲ್ಲಿ: ಒಂದು ವಾರದೊಳಗೆ ಆಕ್ಷೇಪ ಬಾರದಿದ್ದರೆ ಅಂಗೀಕೃತ.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಅಷ್ಟೂ ಜನ ಓದಿದ್ದರು. ಯಾರೂ ಏನೂ ಅನ್ನಲಿಲ್ಲ. ಸಿಗ್ವಾರ್ಟ್ ಒಳಬಂದು, "ಹೊಸ ಫೋನು ಹೇಗಿದೆ ಎಲ್ಲರಿಗೂ?" ಎಂದ.

"ಬಹಳ ಸ್ಪಷ್ಟವಾಗಿದೆ," ಎಂದಳು ಗುನ್ವೋರ್. "ಹಳೇದೂ ಈಗ ಕೇಳಿಸ್ತಿದೆ."

ಅವನು ನಕ್ಕು, ಮೇಜಿನ ಬಟ್ಟಲಿನಿಂದ ಬೊಗಸೆ ಒಣದ್ರಾಕ್ಷಿ ತೆಗೆದುಕೊಂಡು ಹೋದ. ಎರಡನೆಯ ದಿನ, ಮೂರನೆಯ ದಿನ ಹಾಗೇ ಕಳೆಯಿತು. ನೂರನಲವತ್ತು ಬಾಯಿ, ಒಂದೂ ತೆರೆಯಲಿಲ್ಲ. ಅವನು ಎದುರು ಬಂದರೆ ತಲೆಬಾಗಿ ನಮಸ್ಕಾರ, ಬೆನ್ನು ತಿರುಗಿಸಿದರೆ ಮೌನ. ರಗ್ನಾಳ ಪ್ರಾರ್ಥನೆ ಆ ವಾರ ಬದಲಾಯಿತು. ದೇವರೇ, ಏಳು ದಿನ ಅವನ ಕಣ್ಣು ತೆರೆಸಬೇಡ. ಎಂಟನೆಯ ದಿನ ತೆರೆಸು.

ಎಂಟನೆಯ ದಿನ ಗುನ್ವೋರ್ ಅಂಗೀಕೃತ ನಡಾವಳಿಯನ್ನು ಆಡಳಿತ ಮಂಡಳಿಗೆ ಕಳಿಸಿದಳು. ಅಲ್ಲಿಂದ ಸಿಗ್ವಾರ್ಟನಿಗೆ ಕರೆ ಬಂತು. ಆಮೇಲೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಈ ಸಲ ಅವಸರದ್ದು. ಅವನ ಮುಖ ಬಿಳಿಚಿತ್ತು.

"ಏಳನೇದು ತೆಗಿ. ಈಗಲೇ ತೆಗಿ. ನಾನು ಒಪ್ಪಿಲ್ಲ ಅದನ್ನ."

ರಗ್ನಾ ಕನ್ನಡಕ ತೆಗೆದು ಒರೆಸಿದಳು. ಅವಸರವೇನೂ ಇರಲಿಲ್ಲ, ಈ ಮಾತನ್ನು ಒಂಬತ್ತು ವರ್ಷ ಬಾಯಲ್ಲಿ ಕರಗಿಸಿಕೊಳ್ಳುತ್ತ ಬಂದಿದ್ದಳು.

"ಒಂದು ವಾರ ಇತ್ತಲ್ಲ, ಸಿಗ್ವಾರ್ಟ್. ಯಾರೂ ಏನೂ ಅನ್ಲಿಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ನಿನಗಿದು ಖುಷಿನಾ?"

"ಹೌದು," ಎಂದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಬೇಸಿಗೆಗೆ ಮೊದಲೇ ಅವನು ಕುರ್ಚಿ ಬಿಟ್ಟ. ಆದರೆ ಅದಕ್ಕೂ ಮುಂಚೆ, ಆ ವಾರದ ಭಾನುವಾರವೇ, ರಗ್ನಾ ಪ್ರಾರ್ಥನಾ ಮಂದಿರದ ಬಲಗಡೆಯ ಬೆಂಚಿನಲ್ಲಿ ಕೂತಿದ್ದಾಗ ಪಕ್ಕದಲ್ಲಿ ಹಲಗೆ ಕಿರುಗುಟ್ಟಿತು. ಆರ್ನ್‌ಫಿನ್. ಅವನಾಚೆ ಯೋರುನ್, ಮುಖವನ್ನು ಆ ಕಡೆ ತಿರುಗಿಸಿ ಮೂಗೊರೆಸಿಕೊಳ್ಳುತ್ತಿದ್ದಳು. ನಡಾವಳಿ ತೋರಿಸಲು ಗುನ್ವೋರ್ ತನ್ನ ಫೋನು ಹಿಡಿದು ಅವರ ಮನೆಗೆ ಹೋಗಿದ್ದಳೆಂದು ರಗ್ನಾಳಿಗೆ ಆಮೇಲೆ ತಿಳಿಯಿತು.

ಪೀಠದ ಬಳಿ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆರ್ನ್‌ಫಿನ್ ಮುಂದೆಯೇ ನೋಡುತ್ತ ಕೇಳಿದ.

"ಹತ್ತೊಂಬತ್ತಾ?"

"ಹತ್ತೊಂಬತ್ತು."

"ನಾನು ಇಪ್ಪತ್ತು ಅಂದ್ಕೊಂಡಿದ್ದೆ."

"ಇಪ್ಪತ್ತನೇದು ನೀನು ಒತ್ತಿದ್ದು ಫೋನಿಗೆ ತಿಳಿದಿರಲ್ಲ," ಎಂದಳು ಅವಳು ಮೆಲ್ಲಗೆ. "ಬೆರಳಲ್ಲಿ ಅಷ್ಟು ಬಲ ಇದ್ದಿರಲ್ಲ."

ಯೋರುನ್ ಗಂಡನ ಬೆನ್ನ ಹಿಂದಿನಿಂದ ಕೈ ಚಾಚಿ ಅಕ್ಕನ ಕೋಟಿನ ತೋಳನ್ನು ಹಿಡಿದಳು. ಬಿಡಲಿಲ್ಲ.

"ಅವನ್ನ ಕ್ಷಮಿಸಿದ್ಯಾ?" ಎಂದು ಆರ್ನ್‌ಫಿನ್ ಕೇಳಿದ.

"ಇಲ್ಲ."

"ನಾನೂ ಇಲ್ಲ," ಎಂದ ಅವನು. ಕೀರ್ತನೆ ಶುರುವಾಯಿತು. ಎರಡು ಬೆರಳಿನ ಕೈಯಿಂದ ಪುಸ್ತಕವನ್ನು ಅವಳ ಕಡೆಗೆ ಸರಿಸಿದ. ಅವಳು ಹಾಳೆ ತಿರುವಿದಳು.